ಮುಖಕ್ಕೆ ಬೀಳುವ ಬೆಳಕು: ಒಂದು ಕನ್ವೆನ್ಷನ್ ಹಾಲ್‌ಗೆ ದೀಪ ಹಾಕಿದ ದಾಖಲೆ

ನಮ್ಮ ಕೈಗೆ ಬಂದ ಬೇಡಿಕೆ ಒಂದೇ ಸಾಲಿನದು: ಮುಖ್ಯ ಹಾಲ್‌ನಲ್ಲಿ ಸರಾಸರಿ 500 ಲಕ್ಸ್ ಬೆಳಕು ಬೇಕು. ಲಕ್ಸ್ ಅಂದರೆ ಒಂದು ಚದರ ಮೀಟರ್ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವ ಅಳತೆ. ಹಾಲ್ 48 ಮೀಟರ್ ಉದ್ದ, 30 ಮೀಟರ್ ಅಗಲ. ಸೀಲಿಂಗ್ 10 ಮೀಟರ್ ಎತ್ತರದಲ್ಲಿದೆ. ಎರಡು ಕಡೆ ಜಾರುವ ಗೋಡೆ ಎಳೆದರೆ 16 ಮೀಟರ್ ಉದ್ದದ ಮೂರು ಕೋಣೆಗಳಾಗುತ್ತವೆ. ಹೊರಗೆ ಗಾಜಿನ ಗೋಡೆಯ ಎತ್ತರದ ಲಾಬಿ.

500 ಲಕ್ಸ್ ಅನ್ನುವುದು ಸರಿಯಾದ ಸಂಖ್ಯೆಯೇ. ಸಭೆ ನಡೆಯುವ ಕೋಣೆಗಳಿಗೆ ಯುರೋಪಿನ ಇಎನ್ 12464-1 ಮಾನದಂಡವೂ ಅಷ್ಟೇ ಕೇಳುತ್ತದೆ. ಆದರೆ ಅದು ಮೇಜಿನ ಮಟ್ಟದಲ್ಲಿ ಲಕ್ಸ್ ಮೀಟರನ್ನು ಮೇಲ್ಮುಖವಾಗಿ ಇಟ್ಟು ತೆಗೆದ ಅಳತೆ. ಇಂಥ ಜಾಗಕ್ಕೆ ಜನ ಬರುವುದೇ ಒಬ್ಬರನ್ನೊಬ್ಬರು ಕಂಡು ಮಾತಾಡುವುದಕ್ಕೆ. ಮೇಜು ಮಲಗಿರುತ್ತದೆ, ಮುಖ ನೆಟ್ಟಗಿರುತ್ತದೆ. ನೇರ ಮೇಲಿಂದ ಸುರಿದ ಬೆಳಕು ಮೇಜಿನ ಮೇಲೆ ಚೆನ್ನಾಗಿ ಬೀಳುತ್ತದೆ. ಮುಖದ ಮೇಲೆ ಬಿದ್ದಾಗ ಹಣೆ, ಮೂಗು ಹೊಳೆಯುತ್ತವೆ, ಕಣ್ಣಿನ ಗುಳಿಗಳು ಕಪ್ಪಾಗಿ ಉಳಿಯುತ್ತವೆ.

ಹಾಗಾಗಿ ಮೊದಲ ದಿನವೇ ಬೇಡಿಕೆಗೆ ಇನ್ನೊಂದು ಸಾಲು ಸೇರಿಸಿದೆವು. ಕುಳಿತವರ ಮುಖದ ಎತ್ತರದಲ್ಲಿ, ಅಂದರೆ ನೆಲದಿಂದ 1.2 ಮೀಟರ್ ಮೇಲೆ, ಸುತ್ತಲಿಂದ ಬರುವ ಬೆಳಕು ಕನಿಷ್ಠ 150 ಲಕ್ಸ್ ಇರಬೇಕು. ಇದೂ ಅದೇ ಮಾನದಂಡದಲ್ಲಿದೆ. ಯಾಕೋ ಬೇಡಿಕೆ ಪಟ್ಟಿಗಳಲ್ಲಿ ಇದು ಬಿಟ್ಟುಹೋಗುವುದೇ ಜಾಸ್ತಿ. ಅಳೆಯುವುದು ಕಷ್ಟವೇನಲ್ಲ. ಮೀಟರನ್ನು ನೆಟ್ಟಗೆ ಹಿಡಿದು ನಾಲ್ಕು ದಿಕ್ಕಿಗೆ ತಿರುಗಿಸಿ ಓದಬೇಕು, ಸರಾಸರಿ ತೆಗೆಯಬೇಕು. ಆ ಸರಾಸರಿಯನ್ನು ಮೇಜಿನ ಅಳತೆಯಿಂದ ಭಾಗಿಸಿದಾಗ 0.3ರಿಂದ 0.6ರ ನಡುವೆ ಬಂದರೆ ಮುಖ ಮುಖದಂತೆ ಕಾಣುತ್ತದೆ. ಅದಕ್ಕಿಂತ ಕಡಿಮೆಯಾದರೆ ನೆರಳು ಕಡುವಾಗುತ್ತದೆ. ಜಾಸ್ತಿಯಾದರೆ ಮುಖದ ಏರಿಳಿತವೇ ಕಾಣದೆ ಚಪ್ಪಟೆಯಾಗುತ್ತದೆ.

ಲೆಕ್ಕ

1,440 ಚದರ ಮೀಟರ್‌ಗೆ 500 ಲಕ್ಸ್ ಅಂದರೆ 7,20,000 ಲುಮೆನ್ (ಒಟ್ಟು ಬೆಳಕಿನ ಅಳತೆ; ಚದರ ಮೀಟರ್‌ಗೆ ಒಂದು ಲುಮೆನ್ ಬಿದ್ದರೆ 1 ಲಕ್ಸ್) ಮೇಜಿನ ಮಟ್ಟಕ್ಕೆ ತಲುಪಬೇಕು. ಫಿಟ್ಟಿಂಗ್‌ನಿಂದ ಹೊರಟ ಬೆಳಕಿನಲ್ಲಿ ಅಲ್ಲಿಗೆ ಮುಟ್ಟುವುದು ಸುಮಾರು ಶೇ 70. ಕಾಲ ಹೋದಂತೆ ಎಲ್‌ಇಡಿ ಮಂಕಾಗುತ್ತದೆ, ಲೆನ್ಸ್ ಮೇಲೆ ಧೂಳು ಕೂರುತ್ತದೆ. ಅದಕ್ಕಾಗಿ 0.8ರ ನಿರ್ವಹಣಾ ಅಂಶ ಹಿಡಿದೆವು. ಒಟ್ಟು ಸುಮಾರು 12.86 ಲಕ್ಷ ಲುಮೆನ್ ಬೇಕಾಯಿತು. 12,000 ಲುಮೆನ್‌ನ ಡೌನ್‌ಲೈಟ್ ಆರಿಸಿಕೊಂಡು 108 ಅಂತ ನಿಲ್ಲಿಸಿದೆವು. ಕೋಣೆಗೆ 36, ಅಂದರೆ 4 ಸಾಲು, ಸಾಲಿಗೆ 9. ಒಂದೊಂದು 100 ವ್ಯಾಟ್, ಹಾಗಾಗಿ ಚದರ ಮೀಟರ್‌ಗೆ 7.5 ವ್ಯಾಟ್. ಸಾಲುಗಳ ನಡುವೆ 4 ಮೀಟರ್ ಅಂತರ. ಜಾರುವ ಗೋಡೆ ಬರುವ ಜಾಗ ಎರಡು ಸಾಲುಗಳ ಸರಿ ನಡುವೆ ಬೀಳುತ್ತದೆ. ಗೋಡೆ ಎಳೆದರೂ ಬಿಟ್ಟರೂ ಸೀಲಿಂಗ್ ನೋಡಿದಾಗ ಸಾಲು ತಪ್ಪಿದಂತೆ ಕಾಣುವುದಿಲ್ಲ.

ಇಷ್ಟು ಸುಲಭ. ನಿಜವಾದ ಚರ್ಚೆ ನಡೆದದ್ದು ಕಾರ್ಪೆಟ್ ಮತ್ತು ಗೋಡೆ ಬಗ್ಗೆ.

ಬೆಳಕಿನ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಸೀಲಿಂಗ್ ಶೇ 70, ಗೋಡೆ ಶೇ 50, ನೆಲ ಶೇ 20 ಬೆಳಕನ್ನು ವಾಪಸ್ ಕೊಡುತ್ತವೆ ಅಂತ ತಾವೇ ಹಿಡಿದುಕೊಳ್ಳುತ್ತವೆ. ನಮ್ಮ ವಾಸ್ತುಶಿಲ್ಪಿ ಆರಿಸಿದ್ದು ಕಡು ಕಂದು ಮರದ ಗೋಡೆ, ಹೆಚ್ಚುಕಮ್ಮಿ ಕಪ್ಪು ಕಾರ್ಪೆಟ್. ಮಾದರಿ ತುಂಡುಗಳನ್ನು ತರಿಸಿ ಅಳೆದೆವು. ಮೇಲ್ಮೈ ಮೇಲೆ ಬೀಳುವ ಬೆಳಕನ್ನು ಮೊದಲು ಓದಬೇಕು. ಆಮೇಲೆ ಮೀಟರನ್ನು ತಿರುಗಿಸಿ, ಸುಮಾರು 30 ಸೆಂಟಿಮೀಟರ್ ದೂರದಿಂದ, ನಮ್ಮ ನೆರಳು ಬೀಳದಂತೆ, ವಾಪಸ್ ಬರುವುದನ್ನು ಓದಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಮರ ಶೇ 15 ಬಂತು, ಕಾರ್ಪೆಟ್ ಶೇ 6.

ಈ ಸಂಖ್ಯೆಗಳನ್ನು ಹಾಕಿ ಮತ್ತೆ ಲೆಕ್ಕ ಓಡಿಸಿದಾಗ ಮೇಜಿನ ಮಟ್ಟದ ಲಕ್ಸ್ ಅಷ್ಟೇನೂ ಇಳಿಯಲಿಲ್ಲ. ಮುಖದ ಮಟ್ಟದ್ದು ಧಡಕ್ಕನೆ ಬಿತ್ತು. ಕಾರಣ ಸರಳ. ಗೋಡೆ ಮೇಲೆ 200 ಲಕ್ಸ್ ಹಾಕಿದರೆ ಶೇ 50ರ ಗೋಡೆ ಚದರ ಮೀಟರ್‌ಗೆ 100 ಲುಮೆನ್ ವಾಪಸ್ ಕೊಡುತ್ತದೆ, ಶೇ 15ರ ಗೋಡೆ ಕೊಡುವುದು 30. ಮುಖಕ್ಕೆ ಪಕ್ಕದಿಂದ, ಕೆಳಗಿನಿಂದ ಬರಬೇಕಾದ ಬೆಳಕು ಇದೇ ಅಲ್ವಾ? ದೀಪ ಜಾಸ್ತಿ ಮಾಡಿ ಇದನ್ನು ತುಂಬಿಸಲು ಹೋದರೆ ಕರೆಂಟ್ ಸುಮ್ನೆ ಖರ್ಚಾಗುತ್ತದೆ, ಕಣ್ಣು ಕುಕ್ಕುತ್ತದೆ.

ವಾಸ್ತುಶಿಲ್ಪಿಗೆ ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ತೋರಿಸಿದೆವು. ಅವರು ಮರವನ್ನು ಪೂರ್ತಿ ಬಿಡಲು ಒಪ್ಪಲಿಲ್ಲ. ಅದು ನ್ಯಾಯವೇ, ಆ ಮರ ಹಾಲ್‌ಗೆ ಚೆಂದ. ಕೊನೆಗೆ 2.5 ಮೀಟರ್‌ವರೆಗೆ ಮರ, ಅದರ ಮೇಲೆ ತಿಳಿ ಬಣ್ಣದ ಬಟ್ಟೆ ಹೊದಿಸಿದ ಶಬ್ದ ಹೀರುವ ಪ್ಯಾನೆಲ್ ಅಂತ ತೀರ್ಮಾನವಾಯಿತು. ಕಾರ್ಪೆಟ್ ಶೇ 18ರ ಬೂದು ಬಣ್ಣಕ್ಕೆ ಬಂತು. ಇಡೀ ಕೆಲಸದಲ್ಲಿ ಮುಖಗಳಿಗೆ ಹೆಚ್ಚು ಬೆಳಕು ತಂದುಕೊಟ್ಟದ್ದು ಈ ನಿರ್ಧಾರ. ಇದಕ್ಕೆ ಒಂದು ವ್ಯಾಟ್ ಕೂಡ ಖರ್ಚಿಲ್ಲ.

ಮಾದರಿ ಜೋಡಣೆ

ಸೀಲಿಂಗ್ ಮುಚ್ಚುವ ಮೊದಲು ಒಂದು ಮೂಲೆಯಲ್ಲಿ ಕೆಲವು ಫಿಟ್ಟಿಂಗ್‌ಗಳನ್ನು ಅದೇ ಎತ್ತರದಲ್ಲಿ ತೂಗುಹಾಕಿ ನೋಡಿದೆವು. ಕಂಪ್ಯೂಟರ್ ಚಿತ್ರದಲ್ಲಿ ಎಲ್ಲವೂ ಚೆಂದವೇ. ಮನುಷ್ಯ ಕೆಳಗೆ ಕೂತಾಗ ಮಾತ್ರ ನಿಜ ಗೊತ್ತಾಗುತ್ತದೆ.

ಮೊದಲು 24 ಡಿಗ್ರಿಯ ಕಿರಿದಾದ ಲೆನ್ಸ್. ಫಿಟ್ಟಿಂಗ್‌ನಿಂದ ಮುಖದ ಮಟ್ಟಕ್ಕೆ 8.8 ಮೀಟರ್. ಅಲ್ಲಿ ಬೆಳಕಿನ ವೃತ್ತ ಸುಮಾರು 3.7 ಮೀಟರ್ ಅಗಲ. ಅಂದರೆ ಒಬ್ಬರ ಮುಖಕ್ಕೆ ಬೆಳಕು ಬರುವುದು ಒಂದೋ ಎರಡೋ ದೀಪದಿಂದ, ಅದೂ ನೆತ್ತಿಯ ಮೇಲಿಂದ. ಕೆಳಗೆ ಕೂರಿಸಿದ ಸಹಾಯಕನನ್ನು ನೋಡಿ ನಮ್ಮ ಎಲೆಕ್ಟ್ರಿಷಿಯನ್ ಅಂದರು: "ಸಾರ್, ಬೆಳಕು ಜಾಸ್ತಿನೇ ಇದೆ, ಆದ್ರೆ ಇವನ ಕಣ್ಣೇ ಕಾಣಿಸ್ತಿಲ್ವಲ್ಲ." ಮೀಟರ್ ಕೂಡ ಅದನ್ನೇ ಹೇಳಿತು. ಮೇಜಿನ ಮಟ್ಟದಲ್ಲಿ 520 ಲಕ್ಸ್, ಮುಖದ ನಾಲ್ಕು ದಿಕ್ಕಿನ ಸರಾಸರಿ 110.

ನಂತರ 60 ಡಿಗ್ರಿ ಲೆನ್ಸ್. ವೃತ್ತ 10 ಮೀಟರ್‌ಗೆ ಹಿಗ್ಗಿತು. ಈಗ ಒಬ್ಬರ ಮೇಲೆ ಆರೇಳು ದೀಪಗಳ ಬೆಳಕು ಬೇರೆ ಬೇರೆ ಕಡೆಯಿಂದ ಬೀಳುತ್ತದೆ. ಕಣ್ಣು ಕಂಡಿತು. ಆದರೆ ಲೆನ್ಸ್ ಅಗಲವಾದಷ್ಟೂ ದೂರದ ದೀಪವೂ ಕಣ್ಣಿಗೆ ಹೊಡೆಯುತ್ತದೆ. ಕಣ್ಣು ಕುಕ್ಕುವುದನ್ನು ಅಳೆಯುವ ಯುಜಿಆರ್ ಸೂಚಿ ಇಂಥ ಕೋಣೆಯಲ್ಲಿ 19 ದಾಟಬಾರದು. ಹಾಗಾಗಿ ಎಲ್‌ಇಡಿಯನ್ನು ಕೊಳವೆಯೊಳಗೆ ಇನ್ನೂ ಮೇಲಕ್ಕೆ ಸರಿಸಿದ ಮಾದರಿ ತರಿಸಿದೆವು. ದೂರದಿಂದ ನೋಡಿದರೆ ಅದರ ಬಾಯಿ ಕಪ್ಪಗೆ ಕಾಣುತ್ತದೆ, ಹತ್ತಿರ ಬಂದಾಗಲೇ ಬೆಳಕು ಕಾಣುವುದು. ಜೊತೆಗೆ ಕೋಣೆಗೆ 12 ಗೋಡೆ ದೀಪ ಸೇರಿಸಿದೆವು. ಗೋಡೆಯ ಎತ್ತರದ ಮೂರನೇ ಒಂದು ಭಾಗದಷ್ಟು ದೂರದಲ್ಲಿ, ಅಂದರೆ ಗೋಡೆಯಿಂದ ಸುಮಾರು 3.3 ಮೀಟರ್ ಈಚೆಗೆ, ಮೇಲಿನ ತಿಳಿ ಪ್ಯಾನೆಲ್‌ಗಳನ್ನು ತೊಳೆಯುವಂತೆ. ಸೀಲಿಂಗ್ ಅಂಚಿನ ಗೂಡಿನಲ್ಲಿ ಎಲ್‌ಇಡಿ ಪಟ್ಟಿ. ಸೀಲಿಂಗ್ ಸ್ವಲ್ಪ ಬೆಳಗಿದರೆ ಕಪ್ಪು ಹಿನ್ನೆಲೆಯಲ್ಲಿ ಉರಿಯುವ ದೀಪದ ತೀವ್ರತೆ ಕಣ್ಣಿಗೆ ಕಡಿಮೆಯಾಗುತ್ತದೆ.

ಕ್ಯಾಮೆರಾ ಪರೀಕ್ಷೆಯನ್ನೂ ಇಲ್ಲೇ ಮುಗಿಸಿದೆವು. ಈಗ ಯಾವ ಸಭೆ ಚಿತ್ರೀಕರಣವಿಲ್ಲದೆ ನಡೆಯುತ್ತದೆ? ಬೆಳಕನ್ನು ಶೇ 5ಕ್ಕೆ ಇಳಿಸಿ ಫೋನ್‌ನ ಸ್ಲೋ ಮೋಷನ್‌ನಲ್ಲಿ ತೆಗೆದಾಗ ಒಂದು ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಪೆಟ್ಟಿಗೆ) ಮಾದರಿ ಪಟ್ಟೆ ಪಟ್ಟೆಯಾಗಿ ಮಿನುಗಿತು. ಅದು ಬೆಳಕು ಇಳಿಸುವುದು ಸೆಕೆಂಡಿಗೆ 500 ಬಾರಿ ಪೂರ್ತಿ ಆರಿಸಿ ಹೊತ್ತಿಸುವ ಮೂಲಕ. ಎಲ್‌ಇಡಿ ಮಿನುಗಿನ ಬಗ್ಗೆ ಇರುವ ಐಇಇಇ 1789 ಶಿಫಾರಸಿನ ಪ್ರಕಾರ 500 ಹರ್ಟ್ಸ್‌ನಲ್ಲಿ ಏರಿಳಿತ ಶೇ 40ರ ಒಳಗಿರಬೇಕು. ಇಲ್ಲಿ ಅದು ಶೇ 100. ಇನ್ನೊಂದು ಮಾದರಿ ಶೇ 10ರವರೆಗೆ ಕರೆಂಟನ್ನೇ ಇಳಿಸುತ್ತದೆ, ಅದರ ಕೆಳಗೆ ಮಾತ್ರ 3,000 ಹರ್ಟ್ಸ್‌ಗಿಂತ ವೇಗವಾಗಿ ಆರಿಸಿ ಹೊತ್ತಿಸುತ್ತದೆ. ಎರಡನೆಯದನ್ನೇ ತೆಗೆದುಕೊಂಡೆವು.

ಡ್ರೈವರ್, ವೈರಿಂಗ್

ಎಲ್‌ಇಡಿಗಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಡ್ರೈವರ್. ಅದಕ್ಕೆ ಶತ್ರು ಬಿಸಿ. 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಅದಕ್ಕೇ ಡ್ರೈವರ್‌ಗಳನ್ನು ಫಿಟ್ಟಿಂಗ್ ಒಳಗೆ ಇಡದೆ ಸೀಲಿಂಗ್ ಮೇಲಿನ ಕ್ಯಾಟ್‌ವಾಕ್ ಪಕ್ಕದ ಟ್ರೇಗಳಲ್ಲಿ ಇಟ್ಟೆವು. ಗಾಳಿ ಆಡುತ್ತದೆ. ನಾಳೆ ಒಂದು ಕೆಟ್ಟರೆ ಕುರ್ಚಿ ಸರಿಸಿ ಸಿಸರ್ ಲಿಫ್ಟ್ ತರುವ ಗೋಳಿಲ್ಲ.

ಗೂಡಿನ ಪಟ್ಟಿಗಳಲ್ಲಿ ವೋಲ್ಟೇಜ್ ಇಳಿಕೆ ನೋಡಿಕೊಳ್ಳಬೇಕು. ಅವು 24 ವೋಲ್ಟ್‌ನವು. 5 ಮೀಟರ್ ಪಟ್ಟಿ 3 ಆಂಪಿಯರ್ ಎಳೆಯುತ್ತದೆ. ಡ್ರೈವರ್‌ನಿಂದ 20 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರೆ ದಾರಿಯಲ್ಲೇ 1.4 ವೋಲ್ಟ್ ಹೋಗುತ್ತದೆ. ಹತ್ತಿರದ ಪಟ್ಟಿ, ದೂರದ ಪಟ್ಟಿ ಬೇರೆ ಬೇರೆ ಪ್ರಮಾಣದಲ್ಲಿ ಬೆಳಗಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ದೂರದವಕ್ಕೆ ದಪ್ಪ ತಂತಿ ಹಾಕಿದೆವು.

ಮೊದಲ ಬಾರಿ ಒಂದು ಕೋಣೆಯ ಸ್ವಿಚ್ ಹಾಕಿದಾಗ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿದುಬಿಡುವ ಸ್ವಿಚ್) ಬಿತ್ತು. ಮತ್ತೆ ಹಾಕಿದರೆ ನಿಂತಿತು, ಇನ್ನೊಮ್ಮೆ ಬಿತ್ತು. ವೈರಿಂಗ್ ತಂಡ 36 ಡೌನ್‌ಲೈಟ್‌ಗಳನ್ನು ಎರಡೇ ಸರ್ಕ್ಯೂಟ್‌ಗೆ ಹಂಚಿತ್ತು. 18 ದೀಪ ಅಂದರೆ 230 ವೋಲ್ಟ್‌ನಲ್ಲಿ 7.8 ಆಂಪಿಯರ್, ಎಂಸಿಬಿ 16 ಆಂಪಿಯರ್‌ನದು. ನಡೆಯುವ ಕರೆಂಟ್ ಲೆಕ್ಕದಲ್ಲಿ ಬೇಕಾದಷ್ಟು ಜಾಗವಿದೆ. ಆದರೆ ಸ್ವಿಚ್ ಹಾಕಿದ ಕ್ಷಣ ಪ್ರತಿ ಡ್ರೈವರ್‌ನ ಕೆಪಾಸಿಟರ್ ಒಮ್ಮೆಲೇ ತುಂಬಿಕೊಳ್ಳುತ್ತದೆ. ಆಗ ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು, ಹತ್ತಾರು ಆಂಪಿಯರ್ ಒಂದೊಂದರಿಂದ. ಡ್ರೈವರ್ ಜೊತೆ ಬಂದ ಹಾಳೆಯಲ್ಲೇ ಇತ್ತು: 16 ಆಂಪಿಯರ್ ಬಿ ಮಾದರಿ ಎಂಸಿಬಿಗೆ 11 ಡ್ರೈವರ್, ಕ್ಷಣಿಕ ಏರಿಕೆಯನ್ನು ಹೆಚ್ಚು ತಾಳುವ ಸಿ ಮಾದರಿಗೆ 18. ಸರ್ಕ್ಯೂಟ್‌ಗಳನ್ನು ಮೂರು ಮಾಡಿ, ಒಂದೊಂದಕ್ಕೆ 12 ಕೊಟ್ಟು, ಸಿ ಮಾದರಿಗೆ ಬದಲಿಸಿದ ಮೇಲೆ ಅದು ಮತ್ತೆ ಬೀಳಲಿಲ್ಲ. ಒಂದು ಕೋಣೆಯ ಮೂರು ಸರ್ಕ್ಯೂಟ್‌ಗಳಲ್ಲಿ ದೀಪಗಳನ್ನು ಒಂದು ಬಿಟ್ಟು ಒಂದು ಹಂಚಿದ್ದೇವೆ. ಒಂದು ಹೋದರೂ ಇಡೀ ಮೂಲೆ ಕತ್ತಲಾಗದು.

ಡಾಲಿ ಸಾಲು

ನಿಯಂತ್ರಣಕ್ಕೆ ಡಾಲಿ, ಅಂದರೆ ಒಂದೊಂದು ಡ್ರೈವರ್‌ಗೂ ವಿಳಾಸ ಕೊಟ್ಟು ಎರಡು ತಂತಿಯಲ್ಲಿ ಆದೇಶ ಕಳಿಸುವ ಪದ್ಧತಿ. ಒಂದು ತಂತಿ ಸಾಲಿನಲ್ಲಿ 64 ವಿಳಾಸ, 16 ಗುಂಪು, 16 ದೃಶ್ಯ (ಮೊದಲೇ ಉಳಿಸಿಟ್ಟ ಬೆಳಕಿನ ಹೊಂದಿಕೆ). ಕೋಣೆಗೊಂದು ಸಾಲು. 36 ಡೌನ್‌ಲೈಟ್, 12 ಗೋಡೆ ದೀಪ, ಗೂಡಿಗೆ 8 ಡ್ರೈವರ್, ಒಟ್ಟು 56. ಉಳಿದ 8 ಮುಂದಿನ ಅಗತ್ಯಕ್ಕೆ. ಡಾಲಿ ತಂತಿಗೆ ಪ್ಲಸ್ ಮೈನಸ್ ಇಲ್ಲ, ಕವಲು ಒಡೆಯಬಹುದು, ಆದರೆ ಉಂಗುರವಾಗಿ ಸೇರಿಸಬಾರದು. 1.5 ಚದರ ಮಿಲಿಮೀಟರ್ ತಂತಿಯಲ್ಲಿ 300 ಮೀಟರ್ ಮಿತಿ. ಇನ್ನೊಂದು ಮಾತು: ವೋಲ್ಟೇಜ್ ಸುಮಾರು 16 ಅಷ್ಟೇ ಅಂತ ಇದನ್ನು ಬರಿಗೈಲಿ ಮುಟ್ಟುವ ಸುರಕ್ಷಿತ ತಂತಿ ಅಂದುಕೊಳ್ಳಬಾರದು. ಮೇನ್ಸ್ ತಂತಿಯಷ್ಟೇ ಜೋಪಾನವಾಗಿ ನೋಡಬೇಕು.

ವಿಳಾಸ ಕೊಡಲು ಕೂತಾಗ ಎರಡನೇ ಕೋಣೆಗೆ ಕೊಟ್ಟ ಆದೇಶ ಮೂರನೆಯದರಲ್ಲೂ ನಡೆಯಿತು. ಕೆಲವು ದೀಪ ಎರಡನ್ನೂ ಕೇಳಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಹುಡುಕುವ ಮೊದಲು ಪ್ಯಾನೆಲ್‌ಗೆ ಹೋಗಿ ಎರಡನೇ ಸಾಲಿನ ಪವರ್ ಸಪ್ಲೈ ಆರಿಸಿ ಮೀಟರ್ ಹಿಡಿದೆ. ಸೊನ್ನೆ ಬರಬೇಕಿತ್ತು, 16 ವೋಲ್ಟ್ ಇತ್ತು. ಅಂದರೆ ಪಕ್ಕದ ಸಾಲಿನಿಂದ ಬರುತ್ತಿದೆ. ಜಾರುವ ಗೋಡೆಯ ಮೇಲಿನ ಜಂಕ್ಷನ್ ಬಾಕ್ಸ್‌ನಲ್ಲಿ ಎರಡು ಸಾಲುಗಳ ತಂತಿ ಒಂದೇ ಕನೆಕ್ಟರ್‌ನಲ್ಲಿ ಸೇರಿದ್ದವು. ಇದು ಬರೀ ಗೊಂದಲದ ವಿಷಯವಲ್ಲ. ಒಂದು ಸಾಲಿಗೆ 250 ಮಿಲಿಆಂಪಿಯರ್ ಮಿತಿ. ಎರಡು ಸಪ್ಲೈ ಸೇರಿದರೆ 500 ಆಗುತ್ತದೆ, ಡ್ರೈವರ್‌ಗಳಿಗೇ ಪೆಟ್ಟು ಬೀಳಬಹುದು. ಬಿಡಿಸಿ ಬೇರೆ ಬೇರೆ ಬಣ್ಣದ ತಂತಿ ಹಾಕಿಸಿದೆ. ಆಮೇಲೆ ಪ್ರತಿ ಸಾಲನ್ನೂ ಹೀಗೇ ಆರಿಸಿ ನೋಡುವುದನ್ನು ಪರೀಕ್ಷೆ ಪಟ್ಟಿಯಲ್ಲಿ ಸೇರಿಸಿದೆವು.

ಡಾಲಿಯ ಮಂಕಾಗುವ ಕ್ರಮ ಕಣ್ಣಿಗೆ ಹೊಂದುವಂಥದ್ದು. 254ನೇ ಹಂತ ಪೂರ್ತಿ ಬೆಳಕು, 229 ಅರ್ಧ, 170 ಅಂದರೆ ಶೇ 10, 85 ಅಂದರೆ ಶೇ 1. ಶೇ 10 ಬೆಳಕು ಕಣ್ಣಿಗೆ ಸುಮಾರು ಮೂರನೇ ಒಂದರಷ್ಟು ಕಾಣುತ್ತದೆ. ಪರದೆ ಬಳಸುವಾಗ ಟಿಪ್ಪಣಿ ಬರೆದುಕೊಳ್ಳುವಷ್ಟು ಬೆಳಕು ಬೇಕು, ಪರದೆ ಬಿಳಿಚಬಾರದು. ಅದಕ್ಕೆ ವೇದಿಕೆ ಪಕ್ಕದ ದೀಪಗಳ ಸಾಲನ್ನು ಬೇರೆ ಗುಂಪು ಮಾಡಿ ಪೂರ್ತಿ ಆರಿಸಿದೆವು, ಉಳಿದದ್ದು ಶೇ 10. ಗೋಡೆ ದೀಪ ಸ್ವಲ್ಪ ಜಾಸ್ತಿಯೇ ಬಿಟ್ಟೆವು. ಪ್ರಶ್ನೆ ಕೇಳಲು ಎದ್ದವರ ಮುಖ ಕಾಣಲಿ ಅಂತ.

ಜಾರುವ ಗೋಡೆಯ ಹಳಿ ತುದಿಯಲ್ಲಿ ಮ್ಯಾಗ್ನೆಟ್ ಸ್ವಿಚ್ ಇದೆ. ಗೋಡೆ ಮುಚ್ಚಿದರೆ ಕೋಣೆಗಳ ಬಟನ್‌ಗಳು ತಾವಾಗಿಯೇ ಬೇರೆಯಾಗುತ್ತವೆ, ತೆರೆದರೆ ಒಂದಾಗುತ್ತವೆ. ಬಾಗಿಲ ಬಳಿ ಐದೇ ಬಟನ್: ಸಭೆ, ಪರದೆ, ವಿರಾಮ, ಸ್ವಚ್ಛತೆ, ಆರಿಸು. ಹೊಸದಾಗಿ ಕೆಲಸಕ್ಕೆ ಸೇರಿದವರೂ ಯಾರನ್ನೂ ಕೇಳದೆ ನಡೆಸಬೇಕು.

ವೇದಿಕೆ

ವೇದಿಕೆ 1 ಮೀಟರ್ ಎತ್ತರ, ನಿಂತವರ ಮುಖ ನೆಲದಿಂದ 2.6 ಮೀಟರ್. ದೀಪ 10 ಮೀಟರ್‌ನಲ್ಲಿದ್ದರೆ 45 ಡಿಗ್ರಿ ಕೋನಕ್ಕೆ 7.4 ಮೀಟರ್ ಮುಂದೆ ದೀಪ ತೂಗುಹಾಕುವ ಕಂಬಿ ಬೇಕು. ನಕ್ಷೆಯಲ್ಲಿ ಅದು 12 ಮೀಟರ್ ಮುಂದಿತ್ತು, ಕೋನ ಸುಮಾರು 32 ಡಿಗ್ರಿ. ಅಷ್ಟು ಓರೆಯಾದರೆ ಮಾತಾಡುವವರ ಕಣ್ಣಿಗೆ ನೇರ ಹೊಡೆಯುತ್ತದೆ. ಅವರ ತಲೆ ಮೇಲೆ ಹಾದ ಬೆಳಕು 3 ಮೀಟರ್ ಹಿಂದಿರುವ ಪರದೆಯ ಕೆಳಭಾಗಕ್ಕೆ ಬೀಳುತ್ತದೆ. 45 ಡಿಗ್ರಿಯಲ್ಲಿ ಅದೇ ಬೆಳಕು ಪರದೆ ಮುಟ್ಟುವ ಮೊದಲೇ ವೇದಿಕೆ ನೆಲಕ್ಕೆ ಇಳಿದಿರುತ್ತದೆ. ಕಂಬಿಯನ್ನು ವೇದಿಕೆಯ ಕಡೆಗೆ ಹಿಂದಕ್ಕೆ ತರಿಸಿದೆವು.

ಕ್ಯಾಮೆರಾಗೆ ಮುಖದ ಮೇಲೆ 1,000 ಲಕ್ಸ್ ಗುರಿ. ದೀಪದಿಂದ ಮುಖಕ್ಕೆ 10.5 ಮೀಟರ್, ಅದರ ವರ್ಗ 110. ಓರೆಯಾಗಿ ಬೀಳುವುದರ ನಷ್ಟ ಸೇರಿಸಿದರೆ ಎಡಬಲದ ದೀಪ ತಲಾ ಸುಮಾರು 95,000 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೊರಡುವ ಬೆಳಕಿನ ತೀವ್ರತೆ) ಕೊಡಬೇಕು. ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅಂತ ಹೇಳುವ ಸಿಆರ್‌ಐ ಸೂಚಿ 90ಕ್ಕಿಂತ ಮೇಲಿನದನ್ನೇ ಹಾಕಿದೆವು. ಅದರೊಳಗೂ ಕೆಂಪನ್ನು ಅಳೆಯುವ ಆರ್9 ನೋಡಬೇಕು. ಅದು ಕಡಿಮೆಯಿದ್ದರೆ ಯಾವ ಮೈಬಣ್ಣವಾದರೂ ಬೂದಿ ಬಳಿದಂತೆ ಕಾಣುತ್ತದೆ.

ಲಾಬಿ

ಅಮೆರಿಕದ ಬೆಳಕಿನ ವಿನ್ಯಾಸಕ ರಿಚರ್ಡ್ ಕೆಲ್ಲಿ 1952ರಲ್ಲಿ ಬೆಳಕನ್ನು ಮೂರಾಗಿ ವಿಂಗಡಿಸಿದ್ದರು: ಎಲ್ಲೆಡೆ ಹರಡಿದ ಬೆಳಕು, ಒಂದೆಡೆ ಗಮನ ಸೆಳೆಯುವ ಬೆಳಕು, ಮಿನುಗಿ ಮನಸ್ಸು ಅರಳಿಸುವ ಬೆಳಕು. ಹಾಲ್‌ನಲ್ಲಿ ಮೊದಲ ಎರಡಕ್ಕೇ ಜಾಗ. ಮೂರನೆಯದನ್ನು ಲಾಬಿಯಲ್ಲಿ ತಂದೆವು, ಸಾಲಾಗಿ ಇಳಿಬಿಟ್ಟ ಸಣ್ಣ ಗಾಜಿನ ದೀಪಗಳಾಗಿ.

ಲಾಬಿಯ ದೊಡ್ಡ ಪ್ರಶ್ನೆ ಗಾಜು. ಗಾಜಿನ ಒಂದೊಂದು ಮೇಲ್ಮೈ ಸುಮಾರು ಶೇ 4 ಬೆಳಕು ತಿರುಗಿಸುತ್ತದೆ. ಎರಡು ಪದರದ ಗಾಜಿಗೆ ಮೇಲ್ಮೈ ನಾಲ್ಕು. ಸಂಜೆ ಒಳಗೆ ಬೆಳಕು ಜಾಸ್ತಿ, ಹೊರಗೆ ಕತ್ತಲೆ ಆದಾಗ ಗಾಜು ಕನ್ನಡಿಯಾಗುತ್ತದೆ. ಹೊರಗಿನ ಚಾವಣಿಯ ತಳ ಮತ್ತು ಮರಗಳಿಗೆ ಬೆಳಕು ಕೊಟ್ಟು, ಒಳಗಿನ ನೆಲದ ಬೆಳಕನ್ನು ಇಳಿಸಿದಾಗ ಗಾಜು ಮತ್ತೆ ತೆರೆದುಕೊಂಡಿತು. ಹೊರಗೆ ನಿಂತು ನೋಡುವವರಿಗೆ ಕಾಣುವುದು ಲಾಬಿಯ ಹಿಂದಿನ ಗೋಡೆ ಮತ್ತು ಸೀಲಿಂಗ್, ನೆಲವಲ್ಲ. ಹಾಗಾಗಿ ಆ ಗೋಡೆಗೇ ಹೆಚ್ಚು ಬೆಳಕು. ಅದರ ಎಲ್ಲ ದೀಪಗಳನ್ನು ಒಂದೇ ಬ್ಯಾಚ್‌ನಿಂದ ತರಿಸಿದೆವು. ಉದ್ದ ಗೋಡೆಯಲ್ಲಿ ಒಂದು ದೀಪ ಸ್ವಲ್ಪ ಹಸಿರು ಹೊಡೆದರೂ ಕಣ್ಣು ಅಲ್ಲೇ ಹೋಗುತ್ತದೆ.

ತುರ್ತು ಬೆಳಕು

ತುರ್ತು ಬೆಳಕಿನ ಯುರೋಪಿನ ಮಾನದಂಡ ಇಎನ್ 1838 ಪ್ರಕಾರ ಹೊರಹೋಗುವ ದಾರಿಯಲ್ಲಿ ಕನಿಷ್ಠ 1 ಲಕ್ಸ್, ತೆರೆದ ಜಾಗದಲ್ಲಿ 0.5. 5 ಸೆಕೆಂಡಿನಲ್ಲಿ ಅರ್ಧ, 60 ಸೆಕೆಂಡಿನಲ್ಲಿ ಪೂರ್ತಿ ಬರಬೇಕು, ಒಂದು ಗಂಟೆ ಉಳಿಯಬೇಕು. ಸಂಖ್ಯೆಗಳು ಸುಲಭವಾಗಿ ಬಂದವು. ತೊಡಕು ಬಂದದ್ದು ಜಾರುವ ಗೋಡೆಯಿಂದ. ಗೋಡೆ ತೆರೆದಿದ್ದಾಗ ಎಲ್ಲ ಕಡೆಯಿಂದ ಕಾಣುತ್ತಿದ್ದ ನಿರ್ಗಮನ ಫಲಕ, ಮುಚ್ಚಿದಾಗ ನಡುವಿನ ಕೋಣೆಯವರಿಗೆ ಕಾಣುತ್ತಿರಲಿಲ್ಲ. ಪ್ರತಿ ಕೋಣೆಯನ್ನೂ ಮುಚ್ಚಿ, ಮೂಲೆಮೂಲೆಯಲ್ಲಿ ಕುಳಿತು ನೋಡಿ ಫಲಕ ಸೇರಿಸಿದೆವು. ಬೆಂಕಿ ಎಚ್ಚರಿಕೆ ಬಂದಾಗ ಯಾವ ದೃಶ್ಯದಲ್ಲಿದ್ದರೂ ಹಾಲ್ ಪೂರ್ತಿ ಬೆಳಗಬೇಕು, ಬಟನ್ ಒತ್ತಿದರೂ ಇಳಿಯಬಾರದು. ಅದನ್ನು ಅಗ್ನಿಶಾಮಕ ಪ್ಯಾನೆಲ್ ಜೊತೆ ನಿಜವಾಗಿಯೇ ಎಚ್ಚರಿಕೆ ಕೊಡಿಸಿ ನೋಡಿದೆವು.

ಕೊನೆಯ ಅಳತೆ

ರಾತ್ರಿ, ಹೊರಗಿನ ಬೆಳಕು ಇಲ್ಲದಾಗ, ಚೌಕಗಳಾಗಿ ಗುರುತು ಮಾಡಿ ಅಳೆದೆವು. ಪೂರ್ತಿ ಹಾಕಿದಾಗ ಮೇಜಿನ ಮಟ್ಟದಲ್ಲಿ ಸರಾಸರಿ 640 ಲಕ್ಸ್. ಹೊಸ ದೀಪಕ್ಕೆ ಇದು ಸಹಜ, 500ನ್ನು 0.8ರಿಂದ ಭಾಗಿಸಿದರೆ 625 ಬರುತ್ತದಲ್ಲ. ಈ ಹೆಚ್ಚುವರಿಯನ್ನು ಈಗಲೇ ಸುಡುವ ಅಗತ್ಯವಿಲ್ಲ. ಮೇಲಿನ ಮಿತಿಯನ್ನು ಶೇ 80ಕ್ಕೆ ಕಟ್ಟಿದೆವು. ಮೇಜಿಗೆ 510, ಮುಖಕ್ಕೆ 170. ಭಾಗಿಸಿದರೆ 0.33.

ವಿಳಾಸಗಳ ನಕ್ಷೆಯ ಒಂದು ಪ್ರತಿ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದೆ. ಅದರಲ್ಲಿ ಪ್ರತಿ ಡ್ರೈವರ್ ಯಾವ ಟ್ರೇಯಲ್ಲಿದೆ, ಯಾವ ಸರ್ಕ್ಯೂಟ್, ಯಾವ ಗುಂಪು ಅನ್ನುವುದಿದೆ. ಅದೇ ಹಾಳೆಯಲ್ಲಿ ಮುಖದ ಮಟ್ಟದ ಓದುಗಳನ್ನೂ ಬರೆದಿದ್ದೇವೆ. ಮುಂದೆ ಯಾರಾದರೂ ಕಾರ್ಪೆಟ್ ಬದಲಿಸಿದರೆ, ಅಥವಾ ಪ್ಯಾನೆಲ್‌ಗೆ ಬೇರೆ ಬಣ್ಣ ಹೊದಿಸಿದರೆ, ದೀಪ ಮುಟ್ಟುವ ಮೊದಲು ಆ ಓದುಗಳನ್ನು ಮತ್ತೆ ತೆಗೆಯಬೇಕು ಅಂತ ಕೆಳಗೆ ಟಿಪ್ಪಣಿ ಇದೆ.